ತಪ್ಪನ್ನೆಣಿಸಿದ ಪರೀಕ್ಷಕ

ಮಂಚೇನಹಳ್ಳಿಯ ನಮ್ಮ ಮನೆಯಲ್ಲಿ ಮೊಮ್ಮಗಳು ಗಿಟಾರು ಕಲಿಯತೊಡಗಿ ಮೂರು ತಿಂಗಳಾಗಿದ್ದಿತು. “ತಾತ, ಹೇಗಿದೆ ಹೇಳಿ” ಎಂದು ಹಾಡೊಂದನ್ನು ಭರದಿಂದ ನುಡಿಸಿದಳು. ನಾನು, ಶಬ್ದರೂಪಗಳಲ್ಲಿ ತಪ್ಪಿದ ವಿಭಕ್ತಿಗಳನ್ನು ಎಣಿಸುವಂತೆ, ಕರಕರಗುಟ್ಟಿದ ಸ್ವರಗಳನ್ನೆಣಿಸಿ ಹೇಳಿದೆನು. ಮಗು ವಾದ್ಯವನ್ನು ಗೋಡೆಗೊರಗಿಸಿತು. ಎರಡು ದಿನ ಮುಟ್ಟಲಿಲ್ಲ.

ಮೂರನೆಯ ದಿನ ನಾನೇ ಕರೆದು, ಒಂದೇ ಸ್ವರವನ್ನು ನಿಧಾನವಾಗಿ ನುಡಿಸಹೇಳಿ, ಅವಳ ಕೈಯನ್ನು ನೋಡಿದೆನು. ವೀಣೆಯಂತೆ ಗಿಟಾರಿಗೂ ಮೆಟ್ಟಿಲುಗಳುಂಟು. ಬೆರಳು ಮೆಟ್ಟಿಲಿನಿಂದ ಬಹಳ ಹಿಂದೆ ಬೀಳುತ್ತಿದ್ದಿತು. ಎಷ್ಟು ಅದುಮಿದರೂ ತಂತಿ ಕರಕರಗುಟ್ಟುತ್ತಿದ್ದಿತು. ಬೆರಳ ತುದಿ ಕೆಂಪೇರಿದ್ದಿತು. ಮೆಟ್ಟಿಲಿನ ಮಗ್ಗುಲಿಗೆ, ಮೇಲೇರದಂತೆ, ಸರಿಸಿದಳು. ಅಲ್ಪ ಬಲದಿಂದಲೇ ನಾದವು ಶುದ್ಧವಾಯಿತು. ವೇಗವು ದೋಷವನ್ನು ಮರೆಮಾಡುವುದರಿಂದಲೇ ನಮ್ಮಲ್ಲಿ ಸರಳೆ ವರಿಸೆಯನ್ನು ಮೊದಲು ವಿಳಂಬಕಾಲದಲ್ಲಿ ಸಾಧಿಸುವ ಕ್ರಮವಿದೆ.

“ಇಷ್ಟೇನಾ ತಾತ?” ಎಂದು ನಕ್ಕಳು. ನನಗೆ ನಗೆ ಬರಲಿಲ್ಲ. ಶಾಲೆಯಲ್ಲಿ ಎಷ್ಟು ಮಕ್ಕಳ ತಪ್ಪುಗಳನ್ನು, ಕಾರಣವನ್ನರಸದೆ, ಬರಿದೆ ಎಣಿಸಿ ಕಳುಹಿಸಿದೆನೋ!