ಕಾಲೆತ್ತಿದ ಮೇಲಿನ ಓಟ

ಪಾಂಡವಪುರ ಬಿಟ್ಟು ನಾಗಮಂಗಲದ ಕಡೆಗೆ ಹೊರಟರೆ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಬಯಲು ಹಿಂದೆ ಸರಿದು, ನೆಲ ಸಣ್ಣಗೆ ಏರಿಳಿಯತೊಡಗುತ್ತದೆ. ಊರಿಗೊಂದು ಹಂಪು, ತಿರುವಿನಾಚೆ ಕಬ್ಬು ಹೇರಿದ ಟ್ರ್ಯಾಕ್ಟರು, ಇಳಿಜಾರಿನ ತಳದಲ್ಲಿ ದಾರಿಗಡ್ಡ ಬರುವ ಕುರಿಹಿಂಡು. ಇಲ್ಲಿ ಗಾಡಿ ಓಡಿಸುವವರ ಬಲಗಾಲು ಎಕ್ಸಲರೇಟರ್ ಮೇಲೆ ಇರುವಷ್ಟೇ ಹೊತ್ತು ಅದರಿಂದ ಎದ್ದೂ ಇರುತ್ತದೆ. ಹಾಗೆ ಕಾಲೆತ್ತಿದ ಮೇಲೆ ಯಾವ ಕಾರು ಹೇಗೆ ಸಾಗುತ್ತದೆ ಎನ್ನುವುದು ನನಗೆ ಅದರ ವೇಗಕ್ಕಿಂತ, ಸೀಟಿನ ಚರ್ಮಕ್ಕಿಂತ ದೊಡ್ಡ ಸಂಗತಿ. ಹಳೆಯ ದುಬಾರಿ ಕಾರುಗಳ ಸಿರಿವಂತಿಕೆ ಅಲ್ಲಿದೆ ಎಂದೇ ನಂಬಿದ್ದೇನೆ.

ಈ ಸೀಮೆಯ ಬಹಳ ಮಂದಿಯಂತೆ ನನ್ನ ಕಾಲಿಗೂ ಮೊದಲ ಪಾಠ ಹೇಳಿದ್ದು ಅಂಬಾಸಡರ್. ಮೂರನೇ ಗೇರಿನಲ್ಲಿ ಕಾಲು ತೆಗೆದರೆ ಸಾಕು, ಗಾಡಿ ಮೂಗು ತಗ್ಗಿಸಿ ಹೂಂಕರಿಸುತ್ತಾ ನಿಧಾನವಾಗುತ್ತಿತ್ತು. ಕಾರ್ಬ್ಯುರೇಟರಿನ ತಟ್ಟೆ ಮುಚ್ಚಿಕೊಂಡ ಮೇಲೆ ಪಿಸ್ಟನ್ನುಗಳು ಗಾಳಿ ಎಳೆಯಲು ಹೆಣಗಬೇಕು. ಆ ಹೆಣಗಾಟವನ್ನು ಗೇರು ನೇರವಾಗಿ ಚಕ್ರಕ್ಕೆ ಮುಟ್ಟಿಸುತ್ತದೆ. “ಬ್ರೇಕ್ ಯಾಕ್ ತುಳೀತೀರಾ, ಕಾಲ್ ತಗೀರಿ ಸಾ, ಇಂಜಿನ್ನೇ ಹಿಡ್ಕತದೆ” ಎನ್ನುತ್ತಿದ್ದರು ಶ್ರೀರಂಗಪಟ್ಟಣದ ಹಿರಿಯ ಡ್ರೈವರೊಬ್ಬರು. ಡೀಸೆಲ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಹೀಗೆ ಗಾಳಿಗೆ ಬಾಗಿಲು ಹಾಕುವ ತಟ್ಟೆ ಇರುವುದಿಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನಂತೆ ಪಿಸ್ಟನ್ನನ್ನು ಮತ್ತೆ ತಳ್ಳುತ್ತದೆ, ಹಿಡಿತ ಸಡಿಲ. ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಬೇಕಾದದ್ದು ಇದಕ್ಕೇ.

ಗೆಳೆಯರೊಬ್ಬರ ಹಳೆಯ ಬೆಂಜ್ ಅಂಬಾಸಡರಿಗೆ ತೀರ ವಿರುದ್ಧ. ಡಬ್ಲ್ಯು 124 ಮಾದರಿ. ಜರ್ಮನಿಯಲ್ಲಿ 1984ರಲ್ಲಿ ಬಂದದ್ದನ್ನು 1995ರಿಂದ ಪುಣೆಯಲ್ಲೂ ಜೋಡಿಸಿದರು. ಇವರದು ನಾಲ್ಕು ಗೇರಿನ ಆಟೋಮ್ಯಾಟಿಕ್. ಜಕ್ಕನಹಳ್ಳಿ ಇನ್ನೂ ದೂರವಿರುವಾಗಲೇ ಎಂಬತ್ತರ ವೇಗದಲ್ಲಿ ಕಾಲೆತ್ತಿದೆ. ಮೂಗು ತಗ್ಗಲಿಲ್ಲ, ಕುತ್ತಿಗೆ ಮುಂದಕ್ಕೆ ವಾಲಲಿಲ್ಲ. ಇಂಜಿನ್ನಿನ ಮುಳ್ಳು ಸರಕ್ಕನೆ ಕೆಳಗಿಳಿಯಿತು. ವೇಗದ ಮುಳ್ಳಿಗೆ ಆ ಸುದ್ದಿಯೇ ಮುಟ್ಟಿದಂತಿರಲಿಲ್ಲ. ಟೈರಿನ ಸದ್ದು, ಕಿಟಕಿಯಂಚಿನ ಗಾಳಿ, ಅಷ್ಟೇ. ಹೊಳೆಯ ಸೆಳವಿಗೆ ಸಿಕ್ಕ ಹರಿಗೋಲಿನ ಹಾಗೆ ಸಾಗುತ್ತಲೇ ಇತ್ತು.

ಇದರ ಗುಟ್ಟು ಎಣ್ಣೆಯಲ್ಲಿದೆ. ಇಂಜಿನ್ನಿಗೂ ಗೇರಿನ ಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್. ಅದರೊಳಗೆ ಎದುರುಬದುರಾಗಿ ತಿರುಗುವ ರೆಕ್ಕೆಚಕ್ರಗಳು, ನಡುವೆ ಎಣ್ಣೆ. ಇಂಜಿನ್ ದುಡಿಯುವಾಗ ಆ ಎಣ್ಣೆ ರಭಸದಿಂದ ಬಡಿದು ಚಕ್ರಗಳನ್ನು ತಿರುಗಿಸುತ್ತದೆ. ಕಾಲೆತ್ತಿದಾಗ ಚಕ್ರಗಳೇ ಇಂಜಿನ್ನನ್ನು ಎಳೆಯಬೇಕು. ಆ ದಿಕ್ಕಿನಲ್ಲಿ ಎಣ್ಣೆಯ ಹಿಡಿತ ಜಾರುತ್ತದೆ. ಎರಡನ್ನೂ ಬಿಗಿದು ಹಿಡಿಯುವ ಲಾಕಪ್ ಕ್ಲಚ್ ನಾಲ್ಕು ಗೇರಿನ ಆ ಪೆಟ್ಟಿಗೆಯಲ್ಲಿರಲಿಲ್ಲ. 1996ರಲ್ಲಿ ಬಂದ ಐದು ಗೇರಿನ ಪೆಟ್ಟಿಗೆಗೆ ಅದು ಸೇರಿತು, ಓಟದ ಗುಣವೇ ಬದಲಾಯಿತು. ಜಾರುವ ಎಣ್ಣೆಯ ಜೊತೆಗೆ ಡಬ್ಲ್ಯು 124ಕ್ಕೆ ಗಾಳಿಯನ್ನು ಸೀಳುವ ಮೈಕಟ್ಟು: ಗಾಳಿತಡೆಯ ಅಂಕ 0.30ರ ಆಸುಪಾಸು, ಆ ಕಾಲಕ್ಕೆ ಅಪರೂಪದ್ದು.

ಈ ಸುಖವನ್ನು ಬೇಕೆಂದೇ ಕಟ್ಟಿಕೊಟ್ಟವರೂ ಇದ್ದರು. 1930ರ ದಶಕದ ರೋವರ್ ಕಾರುಗಳಲ್ಲಿ ಸೈಕಲ್ಲಿನಲ್ಲಿರುವಂಥದೇ ಫ್ರೀವೀಲ್ ಇತ್ತು; ಕಾಲೆತ್ತಿದರೆ ಕಾರು ಇಂಜಿನ್ನಿನ ಹಂಗಿಲ್ಲದೆ ಉರುಳುತ್ತಿತ್ತು. ಸ್ವೀಡನ್ನಿನ ಸಾಬ್ ಕಂಪನಿಗೆ ಅದು ಸುಖಕ್ಕಿಂತ ಅಗತ್ಯವಾಗಿತ್ತು, ಅದರ ಮೊದಲ ಕಾರುಗಳದು ಎರಡು ಸ್ಟ್ರೋಕಿನ ಇಂಜಿನ್. ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುವಲ್ಲಿ, ಪೆಟ್ರೋಲು ನಿಂತರೆ ಆಯಿಲೂ ನಿಂತಂತೆ. 1961ರಿಂದ ಮೈಸೂರಿನಲ್ಲೇ ತಯಾರಾದ ಜಾವಾ ಬೈಕು ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಪೂರ್ತಿ ಥ್ರಾಟಲ್ ಮುಚ್ಚಿ ಗೇರಿನಲ್ಲೇ ಇಳಿದರೆ ಪಿಸ್ಟನ್ ಸೀಜ್ ಆದೀತೆಂಬ ಭಯ ಅವರಿಗೆ ಗೊತ್ತು.

ಶ್ರೀರಂಗಪಟ್ಟಣ ತಾಲ್ಲೂಕಿನ ನಗುವನಹಳ್ಳಿಯ ಬಳಿ 2023ರಲ್ಲಿ ‘ಪಯಣ’ ಮ್ಯೂಸಿಯಂ ತೆರೆಯಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು ಅಲ್ಲಿವೆ. ದೀಪ, ಬಾನೆಟ್ಟು, ಮಡ್‌ಗಾರ್ಡಿನ ಬಾಗು ಎಲ್ಲವನ್ನೂ ಕಣ್ತುಂಬ ನೋಡಬಹುದು. ಆದರೆ ನಿಂತ ಕಾರು ತನ್ನ ಓಟದ ಗುಣ ಹೇಳುವುದಿಲ್ಲ. ಒಂದೊಂದೂ ಕಾಲೆತ್ತಿದರೆ ಎಷ್ಟು ದೂರ, ಯಾವ ಸದ್ದಿನಲ್ಲಿ ಸಾಗುತ್ತಿತ್ತೆಂದು ಓಡಿಸಿದವರಿಂದ ಕೇಳಿ ಬರೆದಿಡುವವರು ಬೇಕು. ಅಂಥವರು ಕಡಿಮೆಯಾಗುತ್ತಿದ್ದಾರೆ.

ತೇಲುವ ಓಟಕ್ಕೆ ಮೇಲುಕೋಟೆಯ ಇಳಿಜಾರು ಜಾಗವಲ್ಲ. ಅಲ್ಲಿ ಹಳೆಯ ಆಟೋಮ್ಯಾಟಿಕ್ ಕಾರಿನ ಲಿವರನ್ನು ‘ಡಿ’ಯಲ್ಲೇ ಬಿಟ್ಟರೆ ವೇಗ ಏರುತ್ತಲೇ ಹೋಗುತ್ತದೆ, ಬ್ರೇಕು ಕಾಯುತ್ತದೆ. ತಿರುವು ಬರುವ ಮೊದಲೇ ಲಿವರನ್ನು ಕೆಳಗಿನ ಗೇರಿಗೆ ಎಳೆಯಬೇಕು. ಡೀಸೆಲ್ ಉಳಿಸುತ್ತೇವೆಂದು ನ್ಯೂಟ್ರಲ್ ಮಾಡಿ ಇಂಜಿನ್ನನ್ನೂ ಆರಿಸಿ ಇಳಿಯುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ. ಕೆಲವು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಬೂಸ್ಟರಿನ ಬಲವೂ ತೀರುತ್ತದೆ. ಈಗಿನ ಪೆಟ್ರೋಲ್ ಕಾರುಗಳಂತೂ ಗೇರಿನಲ್ಲಿಟ್ಟು ಕಾಲೆತ್ತಿದರೆ ಪೆಟ್ರೋಲನ್ನೇ ಕತ್ತರಿಸುತ್ತವೆ. ಉಳಿತಾಯ ಗೇರಿನಲ್ಲೇ ಇದೆ.

ಕಾಲೆತ್ತಿದೊಡನೆ ಮೋಟರು ಬ್ಯಾಟರಿಗೆ ಕರೆಂಟು ತುಂಬುತ್ತಾ ಕಾರನ್ನು ಹಿಡಿದೆಳೆಯುವುದು ಎಲೆಕ್ಟ್ರಿಕ್ ಕಾರಿನ ರೀತಿ. ಜಾಣ ಉಪಾಯವೇ, ಒಪ್ಪುತ್ತೇನೆ. ಆದರೆ ಹಳೆಯ ಬೆಂಜ್ ನನ್ನ ಕಣ್ಣನ್ನು ದೂರಕ್ಕೆ ಕಳಿಸುತ್ತಿತ್ತು. ಮುಂದಿನ ಹಂಪು, ಅದರಾಚೆಯ ಗಾಡಿ, ಇನ್ನೂ ಆಚೆಯ ತಿರುವು ಲೆಕ್ಕ ಹಾಕಿ ಈಗಲೇ ಕಾಲೆತ್ತಬೇಕು. ಸುಗ್ಗಿಯ ಸಂಜೆ ಕೆ.ಆರ್. ಪೇಟೆಯಿಂದ ಕಿಕ್ಕೇರಿಗೆ ಹೋಗುವಾಗ ಹಿಂದೀಪವಿಲ್ಲದ ಕಬ್ಬಿನ ಟ್ರೇಲರುಗಳ ನಡುವೆ ನನ್ನನ್ನು ಕಾದದ್ದು ಈ ಅಭ್ಯಾಸ.

ಹಳೆಯ ದೊಡ್ಡ ಕಾರು ಕೊಳ್ಳಲು ಹೊರಟ ಹುಡುಗರು ಸಲಹೆ ಕೇಳುತ್ತಾರೆ. ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಅರವತ್ತರ ವೇಗದಿಂದ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಡಿ ಎನ್ನುತ್ತೇನೆ. ಬೇಗ ಸೊರಗಿ ನಿಂತರೆ ಮೊದಲು ಟೈರಿನ ಗಾಳಿ ನೋಡಿ. ಆಮೇಲೆ ನಾಲ್ಕು ಚಕ್ರಗಳ ಹತ್ತಿರವೂ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಚಕ್ರದಿಂದ ಝಳ ಹೊಡೆದರೆ ಅಲ್ಲಿ ಬ್ರೇಕು ಬಿಡದೆ ಕಚ್ಚಿಕೊಂಡಿದೆ. ಅದನ್ನು ಬಿಚ್ಚಿ ಸರಿಮಾಡಿಸಿದ ಮೇಲೆ ಅದೇ ರಸ್ತೆಗೆ ಬಂದು ಇನ್ನೊಮ್ಮೆ ಉರುಳಿಸಿ ನೋಡಿ, ಬೆಲೆಯ ಮಾತು ಆಮೇಲೆ.