ಸಂಪಾಜೆ ಇಳಿಜಾರು ಮತ್ತು ಎಂಟ್ನೂರರ ಬ್ರೇಕು

1990ರ ಸುಮಾರಿಗೆ ಸುಳ್ಯದಿಂದ ಒಳಗಿನ ಊರುಗಳಿಗೆ ಹೋಗಬೇಕಾದರೆ ಬಸ್ಸು ತಪ್ಪಿದವರಿಗೆ ಸರ್ವಿಸ್ ಜೀಪೇ ಗತಿ. ಸ್ವಲ್ಪ ಅನುಕೂಲವಿದ್ದವರಿಗೆ ಬಾಡಿಗೆ ಅಂಬಾಸಿಡರ್ ಅಥವಾ ಪದ್ಮಿನಿ. ಇವುಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಆಗಿನ ಡ್ರೈವರುಗಳು ಬ್ರೇಕನ್ನು ನಂಬಿ ಗಾಡಿ ಬಿಡುತ್ತಿರಲಿಲ್ಲ. ಇಳಿಜಾರು ಶುರುವಾಗುವ ಮೊದಲೇ ಸೆಕೆಂಡ್ ಗೇರಿಗೆ ಹಾಕಿಬಿಡುತ್ತಿದ್ದರು. ಪೆಡಲ್ ಕೆಳಗೆ ಹೋಯಿತು ಅನಿಸಿದರೆ ಎರಡು ಮೂರು ಸಲ ಪಂಪ್ ಮಾಡುತ್ತಿದ್ದರು. ಏರಿನಲ್ಲಿ ಜೀಪು ನಿಂತರೆ ಹಿಂದೆ ನೇತಾಡುತ್ತಿದ್ದ ಹುಡುಗ ಹಾರಿ ಚಕ್ರದಡಿಗೆ ಕಲ್ಲಿಡುತ್ತಿದ್ದ.

ನಮ್ಮ ಮನೆಗೆ ಮಾರುತಿ 800 ಬಂದದ್ದು ಅಡಿಕೆಗೆ ಒಳ್ಳೆಯ ಧಾರಣೆ ಇದ್ದ ಒಂದು ವರ್ಷ, ಸೆಕೆಂಡ್ ಹ್ಯಾಂಡಿನಲ್ಲಿ. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀ ಕೊಟ್ಟಿದ್ದ ಮಾದರಿ ಅದು. ನಮ್ಮದು 1986ರ ನಂತರದ ಬಾಡಿ. 796 ಸಿಸಿ ಎಂಜಿನ್, 12 ಇಂಚಿನ ಚಕ್ರ, ತೂಕ ಸುಮಾರು 650 ಕಿಲೋ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಡಿಸ್ಕ್ ಇದೆ ಎಂಬುದೇ ಆಗ ದೊಡ್ಡ ಮಾತು. ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಇರಲಿಲ್ಲ, ಆ ಕಾಲದ ಹೆಚ್ಚಿನ 800ಗಳಿಗೂ ಇರಲಿಲ್ಲ. ಗಾಡಿ ನಿಲ್ಲಬೇಕಾದರೆ ಕಾಲಿನ ಬಲವೇ ಬೇಕು. ತಂಗಿ ಡ್ರೈವಿಂಗ್ ಕಲಿತದ್ದು ಅದರಲ್ಲಿಯೇ. ಜೋರಾಗಿ ಬ್ರೇಕ್ ಹಿಡಿಯುವಾಗ ಅವಳು ಬೆನ್ನನ್ನು ಸೀಟಿಗೆ ಒತ್ತಿ, ಸೊಂಟದಿಂದ ಬಲ ತೆಗೆದು ಪೆಡಲ್ ತುಳಿಯಬೇಕಿತ್ತು.

ಆದರೂ ಆಗ ಅದು ಸಾಕಾಗುತ್ತಿತ್ತು, ಯಾಕೆಂದರೆ ರಸ್ತೆ ವೇಗವನ್ನೇ ಕೊಡುತ್ತಿರಲಿಲ್ಲ. ಪುತ್ತೂರಿನಿಂದ ಕುಂಬ್ರ, ಕಾವು, ಕನಕಮಜಲು, ಜಾಲ್ಸೂರು ದಾಟಿ ಸುಳ್ಯಕ್ಕೆ ಬರುವ ದಾರಿ ಕಿರಿದು, ಅಂಚು ಕಿತ್ತುಹೋದದ್ದು. ಮೂವತ್ತು ನಲ್ವತ್ತರಲ್ಲಿ ಹೋದರೆ ಹೆಚ್ಚು. ಈಗ ಅದೇ ದಾರಿ 275ನೇ ರಾಷ್ಟ್ರೀಯ ಹೆದ್ದಾರಿ. ಅಗಲವಾಗಿದೆ, ನುಣುಪಾಗಿದೆ, ಎಂಬತ್ತರಲ್ಲಿ ಹೋಗುವಾಗಲೂ ವೇಗ ಗೊತ್ತಾಗುವುದಿಲ್ಲ. ನಲ್ವತ್ತರ ವೇಗ ಎಂಬತ್ತಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಕಾರು ಹಳತಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಬದಲಾದದ್ದು ರಸ್ತೆ. ಹಳೆ ಗಾಡಿಯ ಬ್ರೇಕಿನ ಬಗ್ಗೆ ಮತ್ತೆ ಯೋಚನೆ ಮಾಡಬೇಕಾದ ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಇನ್ನು ಘಟ್ಟ. ಮಡಿಕೇರಿಯಿಂದ ಮದೆನಾಡು, ಜೋಡುಪಾಲ ದಾಟಿ ಸಂಪಾಜೆಗೆ ಇಳಿಯುವಾಗ ಸುಮಾರು ಒಂದು ಸಾವಿರ ಮೀಟರ್ ಕೆಳಗೆ ಬರುತ್ತೇವೆ. ನಾಲ್ಕು ಜನ ಕುಳಿತ 800ರ ತೂಕ 900 ಕಿಲೋ ಹಿಡಿಯಿರಿ. ಆ ಇಳಿತದಲ್ಲಿ ಹುಟ್ಟುವ ಶಕ್ತಿಯೆಲ್ಲ ಶಾಖವಾದರೆ ಬಚ್ಚಲ ಹಂಡೆಯಲ್ಲಿ 25 ಲೀಟರ್ ತಣ್ಣೀರು ಕುದಿಯುತ್ತದೆ. ಗಾಳಿಯೂ ಟಯರೂ ಒಂದಷ್ಟನ್ನು ತಿನ್ನುತ್ತವೆ. ಗೇರಿನಲ್ಲಿ ಇಳಿದರೆ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಟಾಪ್ ಗೇರಿನಲ್ಲಿ ಕಾಲು ಬ್ರೇಕಿನ ಮೇಲಿಟ್ಟೇ ಇಳಿದರೆ ಬಹುಪಾಲು ಆ ಸಣ್ಣ ಡಿಸ್ಕು, ಡ್ರಮ್ಮುಗಳಿಗೇ ಹೋಗಬೇಕು. ಡ್ರಮ್ ಬಿಸಿಯಾದರೆ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ತಗ್ಗುತ್ತದೆ. ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಕೆಲಸ ಕೆಟ್ಟಾಗಿರುತ್ತದೆ.

ಎಲ್ಲರೂ ಮರೆಯುವ ಸಂಗತಿ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಆಯಿಲ್ ಹೊಸತಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ 140 ಡಿಗ್ರಿಯವರೆಗೆ ತಡೆದರೆ ಸಾಕು ಎಂಬುದು ಆ ದರ್ಜೆಯ ನಿಯಮ. ಡಾಟ್ 4ಕ್ಕೆ ಇವೇ ಅಂಕೆಗಳು 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿ ಅಮುಕಿಕೊಳ್ಳುತ್ತದೆ, ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ, ಪೆಡಲ್ ನೆಲಕ್ಕೆ ಹೋಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಪಾಟಿನಲ್ಲಿಟ್ಟ ಬಟ್ಟೆಗೂ ಬೂಸಲು ಹಿಡಿಯುವ ನಮ್ಮ ಸೀಮೆಯಲ್ಲಿ ಆ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲೇಬೇಕು. ಮೊದಲು ಯಾರೂ ಬದಲಿಸುತ್ತಿರಲಿಲ್ಲ. ಕಡಿಮೆಯಾದರೆ ಮೇಲಿನಿಂದ ಹೊಯ್ಯುತ್ತಿದ್ದರು, ಅಷ್ಟೆ.

ನೀರಿನ ಮಾತು ಬಂದರೆ ಕಡಬದವರಿಗೆ ಹೊಸ್ಮಠದ ಹಳೆಯ ಮುಳುಗು ಸೇತುವೆ ನೆನಪಾಗಬೇಕು. ಉಪ್ಪಿನಂಗಡಿ–ಸುಬ್ರಹ್ಮಣ್ಯ ದಾರಿಯಲ್ಲಿ ಗುಂಡ್ಯ ಹೊಳೆ ತುಂಬಿದಾಗಲೆಲ್ಲ ಅದು ಮುಳುಗುತ್ತಿತ್ತು. ಎರಡೂ ಕಡೆ ಗಾಡಿಗಳ ಸಾಲು. ನೀರು ಇಳಿಯುತ್ತಾ ಬಂದಂತೆ ಧೈರ್ಯಸ್ಥರು ಚಕ್ರ ಅದ್ದಿಕೊಂಡೇ ದಾಟುತ್ತಿದ್ದರು. ದಾಟಿದ ಮೇಲಿನ ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯುತ್ತಿರಲಿಲ್ಲ, ಯಾಕೆಂದರೆ ಡ್ರಮ್ಮಿನೊಳಗೆ ನೀರು. ಒಂದಷ್ಟು ದೂರ ಪೆಡಲನ್ನು ಹಗುರಾಗಿ ಒತ್ತಿಕೊಂಡೇ ಓಡಿಸಿ ಶೂ ಒಣಗಿಸಬೇಕೆಂದು ಜೀಪಿನವರಿಗೆ ಗೊತ್ತಿತ್ತು. ಈಗ ಅಲ್ಲಿ ಎತ್ತರದ ಸೇತುವೆ ಬಂದಿದೆ. ಆ ತಿಳಿವಳಿಕೆ ಮಾತ್ರ ಹೊಸ ಡ್ರೈವರುಗಳಿಗೆ ದಾಟಿಬಂದಿಲ್ಲ, ಮಳೆಗಾಲದಲ್ಲಿ ತೋಟದ ದಾರಿಯ ತೋಡು ದಾಟುವವರಿಗೆ ಅದು ಇವತ್ತಿಗೂ ಬೇಕು. ಹಾಗೆಯೇ ಹ್ಯಾಂಡ್ ಬ್ರೇಕು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಎಳೆದಿಟ್ಟು ಗಾಡಿಯನ್ನು ಕೆಲವು ದಿನ ತೆಗೆಯದಿದ್ದರೆ ತುಕ್ಕಿನಿಂದ ಶೂ ಡ್ರಮ್ಮಿಗೆ ಅಂಟುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಕ್ರಮವೇ ಇಲ್ಲಿಗೆ ಸರಿ.

ಬೂಸ್ಟರ್ ಹಾಕಿಸುವ ವಿಚಾರ ನಮ್ಮ ಮನೆಯಲ್ಲಿ ಎದ್ದದ್ದು ಹೆದ್ದಾರಿ ಅಗಲವಾದ ಮೇಲೆ. ಜೆನ್, ಆಲ್ಟೋಗಳಿಂದ ಬಿಚ್ಚಿದ ಬೂಸ್ಟರ್ ಗುಜರಿಯಲ್ಲಿ ಸಿಗುತ್ತಿತ್ತು. ಪುತ್ತೂರಿನ ಒಬ್ಬ ಮೆಕ್ಯಾನಿಕ್ ಒಪ್ಪಿಕೊಂಡರು, ಆದರೆ ಕೂಡಲೇ ಕೈ ಹಾಕಲಿಲ್ಲ.

“ಬೂಸ್ಟರ್ ಹಾಕುವ ಅಣ್ಣ, ಅದಕ್ಕೇನು. ಮೊದಲು ಹಿಂದಿನ ಡ್ರಮ್ ಬಿಚ್ಚಿ ನೋಡುವ. ಒಳಗೆ ಲೀಕ್ ಉಂಟಾದರೆ ಬೂಸ್ಟರ್ ಹಾಕಿ ಏನು ಮಾಡುವುದು ಮಾರಾಯ್ರೆ?”

ಲೀಕ್ ಇತ್ತು. ವೀಲ್ ಸಿಲಿಂಡರ್ ಒಸರಿ ಶೂಗಳಿಗೆ ಆಯಿಲ್ ಹಿಡಿದಿತ್ತು. ಹಿಂದೆ ಬೇರೆ ಕಡೆ ರಬ್ಬರ್ ಕಿಟ್ ಹಾಕುವಾಗ ಪೆಟ್ರೋಲಿನಲ್ಲಿ ತೊಳೆದಿದ್ದರಂತೆ, ರಬ್ಬರ್ ಉಬ್ಬಿತ್ತು. ಬ್ರೇಕಿನ ರಬ್ಬರನ್ನು ಬ್ರೇಕ್ ಆಯಿಲಿನಲ್ಲಿಯೇ ತೊಳೆಯಬೇಕು. ಸಿಲಿಂಡರ್ ಹೊಸತು, ಶೂ ಹೊಸತು, ಡ್ರಮ್ ಲೇತಿಗೆ ಹೋಗಿ ಬಂತು, ಮುಂದೆ ಪ್ಯಾಡ್, ಹೋಸ್ ಪೈಪ್ ಎರಡೂ ಬದಲಾದವು, ಡಾಟ್ 4 ತುಂಬಿಸಿ ಏರ್ ತೆಗೆದರು. ಬೂಸ್ಟರ್ ಇಲ್ಲದೆಯೇ ಗಾಡಿ ಬೇರೆಯಾಯಿತು. ಬೂಸ್ಟರ್ ಮತ್ತು ಅದಕ್ಕೆ ಹೊಂದುವ ಮಾಸ್ಟರ್ ಸಿಲಿಂಡರ್ ಬಂದದ್ದು ಆಮೇಲೆ. ತಂಗಿಗೆ ಈಗ ಪಾದ ಒತ್ತಿದರೆ ಸಾಕು, ಸೊಂಟದ ಬಲ ಬೇಡ.

ಬೂಸ್ಟರ್ ಕಾಲಿಗೆ ಬಲ ಕೊಡುತ್ತದೆಯೇ ಹೊರತು ಟಯರಿಗೆ ಹಿಡಿತ ಕೊಡುವುದಿಲ್ಲ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಂಥ ಗಾಡಿಯಲ್ಲಿ ಕಲಿತ ಹುಡುಗರು ಹಳೆ 800ರಲ್ಲಿ ಕುಳಿತು, ಪಾಚಿ ಹಿಡಿದ ಕಾಂಕ್ರೀಟ್ ದಾರಿಯಲ್ಲಿ ಅದೇ ರೀತಿ ಬಲವಾಗಿ ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಜಾರುತ್ತದೆ. ಬೂಸ್ಟರ್ ಇದ್ದರೆ ಲಾಕ್ ಆಗುವುದು ಇನ್ನೂ ಸುಲಭ. ಅದಕ್ಕಿಂತ ಅಪಾಯದ್ದು ಎಂಜಿನ್ ಆಫ್ ಮಾಡಿ ಇಳಿಯುವ ಚಟ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ, ಕೀ ತಿರುಗಿಸಿ ಇಳಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ನಿರ್ವಾತದಿಂದ. ಎಂಜಿನ್ ನಿಂತರೆ ಒಂದೆರಡು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲು.

800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಕೆಎ 21 ನಂಬರಿನ ಎಷ್ಟೋ 800ಗಳು ಇನ್ನೂ ಓಡುತ್ತಿವೆ, ಓಡಲಿ. ಬ್ರೇಕ್ ಬದಲಾಯಿಸುವ ಮೊದಲು ಪುತ್ತೂರಿನ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಯನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಬೂಸ್ಟರ್ ಹಾಕಿಸಿ, ಹಾಕಿಸದಿರಿ. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿಯೇ ಹಿಂದಿನ ಎರಡು ಡ್ರಮ್ ಬಿಚ್ಚಿಸಿ, ಪಕ್ಕದಲ್ಲಿ ನಿಂತು ಒಳಗೇನಿದೆ ಎಂದು ನೋಡಿ.