ಕಬ್ಬಿಣಕ್ಕೆ ಅಳುವವರು

ಮೊನ್ನೆ ಮೊಮ್ಮಗ ಮೊಬೈಲು ಹಿಡಿದು ಬಂದು, 'ತಾತ, ಇಲ್ನೋಡು' ಎಂದ. ಹಳೆಯ ಜಪಾನಿ ರೋಬೋಟ್ ಕಾರ್ಟೂನಿನ ಹೊಡೆದಾಟಕ್ಕೆ ರ‍್ಯಾಪ್ ಹಾಡು ಜೋಡಿಸಿದ್ದ. ಒಂದೊಂದು ಗುದ್ದಿಗೂ ಒಂದೊಂದು ತಾಳ. 'ಎರಡನ್ನೂ ಕೆಡಿಸಿದೆಯಲ್ಲೋ!' ಎಂದೆ.

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ 'ಜೈಂಟ್ ರೋಬೋಟ್' ಬರುತ್ತಿತ್ತು. ಅದು ಕಾರ್ಟೂನಲ್ಲ, ನಟರೇ ವೇಷ ತೊಟ್ಟ ಜಪಾನಿ ಧಾರಾವಾಹಿ. ಮೂಲ ಚಿತ್ರಕತೆ ಮಿತ್ಸುತೆರು ಯೊಕೊಯಾಮಾ ಅವರದು. ಅವರದೇ ಇನ್ನೊಂದು ರೋಬೋಟ್ ಕತೆ 'ತೆತ್ಸುಜಿನ್ 28' 1963ರಲ್ಲೇ ಟೀವಿ ಕಾರ್ಟೂನಾಗಿತ್ತು. ಹುಡುಗ ಕೈಗಡಿಯಾರದಲ್ಲಿ ಅಪ್ಪಣೆ ಕೊಟ್ಟರೆ ಜೈಂಟ್ ರೋಬೋಟ್ ಹಾರಿ ಬರುತ್ತಿತ್ತು. ಕೊನೆಯ ಕಂತಿನಲ್ಲಿ ಮಾತ್ರ ಅದು ಹುಡುಗನ ಮಾತು ಮೀರಿ, ಶತ್ರುವನ್ನು ಹೊತ್ತು ಬಾನಿಗೇರಿ ತಾನೂ ಸಿಡಿದುಹೋಯಿತು. ನನ್ನ ಮಗ ಬಿಕ್ಕಿ ಬಿಕ್ಕಿ ಅತ್ತ. 'ಕಬ್ಬಿಣಕ್ಕೆ ಯಾರಾದ್ರೂ ಅಳ್ತಾರೇನೋ?' ಎಂದು ಗದರಿ ಟೀವಿ ಆರಿಸಿದ್ದೆ.

ಇದನ್ನೆಲ್ಲ ಹೇಳಿದಾಗ ಮೊಮ್ಮಗ ತನ್ನ ಪಾಠ ಶುರುಮಾಡಿದ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡೀಜೆ ಕೂಲ್ ಹರ್ಕ್ ಕುಣಿಯುವವರಿಗೆ ಹಾಡಿನ ವಾದ್ಯದ ತುಣುಕನ್ನೇ ಮತ್ತೆ ಮತ್ತೆ ನುಡಿಸಿದರಂತೆ. ಹಿಪ್‌ಹಾಪ್ ಹುಟ್ಟಿದ್ದೇ ಅಲ್ಲಿಂದಂತೆ. 'ಇಷ್ಟವಾದದ್ದು ಬೇಗ ಮುಗೀಬಾರದು ಅಂತ, ತಾತ.'

ಆ ಮಾತು ನಾಟಿತು. ಅಂದು ಮಗ ಅತ್ತದ್ದೂ ಅದಕ್ಕೇ ಅಲ್ಲವೇ?

ಸಂಜೆ ಮಗ ಬಂದಾಗ, 'ಆ ರೋಬೋಟ್ ನೆನಪಿದೆಯೇನೋ?' ಎಂದು ಕೇಳಿದೆ. 'ನೀವು ಟೀವಿ ಆರಿಸಿದ್ದು ನೆನಪಿದೆ, ಅಪ್ಪ' ಎಂದು ನಕ್ಕ.

ಮೊಮ್ಮಗ ಆ ಕಂತನ್ನು ಹುಡುಕಿ ಹಾಕಿದ. ಮೂವರೂ ಕೂತು ನೋಡಿದೆವು. ಕೊನೆಗೆ ಅವನಿಗೆ ಒಂದೇ ಮಾತು ಹೇಳಿದೆ: 'ಬೇಕಾದ್ದಕ್ಕೆ ರ‍್ಯಾಪ್ ಹಾಕ್ಕೋ ಮರಿ, ಈ ದೃಶ್ಯ ಒಂದನ್ನು ಹಾಗೇ ಬಿಡು.'